ಹೊಡೆದುಹಾಕಿದ ಸೈನ್ ಎಕ್ಸ್

ಬೆಳಿಗ್ಗೆ ಟ್ಯುಟೋರಿಯಲ್ ಬಾಗಿಲು ತೆಗೆದ ಗುಡಿಸುವವಳಿಗೆ ಮೊದಲು ಕಂಡದ್ದು ಚಪ್ಪಲಿ. ಆಮೇಲೆ ಕಾಲು. ಅವಳು ಕೂಗಿದ ಕೂಗಿಗೆ ಬೀದಿಗೆ ಬೀದಿಯೇ ಎದ್ದು ಬಂತು.

ಲೆಕ್ಕದ ಮೇಷ್ಟ್ರು ಕರಿಹಲಗೆಯ ಕೆಳಗೆ ಮಗ್ಗುಲಾಗಿ ಬಿದ್ದಿದ್ದರು. ತಲೆಯ ಹಿಂಭಾಗದಲ್ಲಿ ಪೆಟ್ಟು. ಪಕ್ಕದಲ್ಲೇ ಬಾಗಿಲಿಗೆ ಒತ್ತು ಕೊಡುವ ಕಬ್ಬಿಣದ ಗುಂಡು. ಬಲಗೈಯಲ್ಲಿ ಸೀಮೆಸುಣ್ಣದ ತುಂಡು.

ಮಗಳು ಬರುವಷ್ಟರಲ್ಲಿ ಹೆಣ ಸಾಗಿಸಿಯಾಗಿತ್ತು. ಅವಳು ಸರ್ವೇಯರ್. ಯಾರದೋ ಬೇಲಿ ಜಗಳಕ್ಕೆ ಜಮೀನು ಅಳೆಯುತ್ತಿದ್ದಾಗ ಫೋನ್ ಬಂದಿತ್ತು. ಉಪಕರಣವನ್ನು ಪೆಟ್ಟಿಗೆಯಲ್ಲಿಟ್ಟು, ಕೊಂಡಿ ಸರಿಯಾಗಿ ಬಿತ್ತೇ ಎಂದು ಎಳೆದು ನೋಡಿ, ಆಮೇಲೆ ಹೊರಟಿದ್ದಳು. ದಾರಿಯುದ್ದಕ್ಕೂ ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಮೈಯೊಳಗೆಲ್ಲ ಜೋಮು ಹಿಡಿದಂತಿತ್ತು.

"ಹೇಳೋಕೆ ನಾಲಿಗೆ ಬರ್ತಿಲ್ಲಮ್ಮ," ಎಂದ ಇನ್ಸ್‌ಪೆಕ್ಟರ್. "ನಿನ್ನ ತಮ್ಮನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗಿದ್ದೀವಿ."

"ಯಾಕೆ?"

"ನಿನ್ನೆ ಸಂಜೆ ಕೊನೇಲಿ ಒಳಗೆ ಹೋದವನು ಅವನೇ. ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಿದ್ದನ್ನ ವಾಚ್‌ಮನ್ ನೋಡಿದಾನೆ. ಓದು ಬಿಟ್ಟು ಗ್ಯಾರೇಜ್ ಸೇರಿದಾಗಿಂದ ಅಪ್ಪ-ಮಗನಿಗೆ ಮಾತಿಲ್ಲ ಅಂತ ಎಲ್ರಿಗೂ ಗೊತ್ತು."

"ಅವನಿಗಿಂತ ಮುಂಚೆ ಯಾರಿದ್ರು?"

"ಶಾರ್ಟ್‌ಕಟ್ ಸರ್."

ಟ್ಯುಟೋರಿಯಲ್ ಮಾಲೀಕನಿಗೆ ಹುಡುಗರಿಟ್ಟ ಹೆಸರು ಅದು. ಎಂಥ ಲೆಕ್ಕವನ್ನೂ ಚಿಟಿಕೆ ಹೊಡೆಯುವುದರಲ್ಲಿ ಮುಗಿಸುವ ಉಪಾಯಗಳ ಪುಸ್ತಕ ಬರೆದು, ಗೋಡೆ ಸಿಕ್ಕಲ್ಲೆಲ್ಲ ಅದರ ಪೋಸ್ಟರ್ ಅಂಟಿಸಿದ ಮಹಾನುಭಾವ. ಆದರೂ ಹುಡುಗರು ಬರುತ್ತಿದ್ದದ್ದು ಮೇಷ್ಟ್ರ ಹೆಸರು ನೋಡಿ.

"ಹುಡುಗರು ಎದ್ದು ಹೋದಾಗ ಬೋರ್ಡ್ ಮೇಲೆ ಪ್ರಶ್ನೆ ಮಾತ್ರ ಇತ್ತಂತೆ," ಎಂದ ಇನ್ಸ್‌ಪೆಕ್ಟರ್. "ಶಾರ್ಟ್‌ಕಟ್ ಸರ್ ಹೊರಡುವಾಗ ಮೇಷ್ಟ್ರು ಅದನ್ನ ಬಿಡಿಸ್ತಾ ಇದ್ರು. ಆ ಮಾತಿಗೆ ಬೋರ್ಡೇ ಸಾಕ್ಷಿ. ಹಾಗಾಗಿ ಅವರನ್ನ ಬಿಟ್ಟೆವು."

ಅವಳು ಹಲಗೆಯತ್ತ ತಿರುಗಿದಳು.

sin 2x = sin x
2 sin x cos x = sin x
2 cos x = 1
x = 60°

ಎರಡನೇ ಸಾಲಿನಲ್ಲಿ ಎರಡೂ ಕಡೆಯ sin x ಮೇಲೆ ಓರೆಗೆರೆ ಎಳೆದಿತ್ತು. ಅವಳು ಆ ಗೆರೆಗಳನ್ನು ಬಹಳ ಹೊತ್ತು ನೋಡಿದಳು.

*

ಶವಾಗಾರದ ಡಾಕ್ಟರ್ ಕೈಗವಸು ಕಳಚುತ್ತ ಹೊರಗೆ ಬಂದರು.

"ಪೆಟ್ಟು ಬಿದ್ದ ತಕ್ಷಣ ಪ್ರಾಣ ಹೋಗಿಲ್ಲಮ್ಮ. ಗಂಟೆಗಟ್ಟಲೆ ಜೀವ ಹಿಡ್ಕೊಂಡಿದ್ರು. ಯಾರಾದ್ರೂ ಆಗಲೇ ತಂದಿದ್ರೆ..."

ಅವಳು ತಲೆಯಾಡಿಸಿ, ಸಹಿ ಎಲ್ಲಿ ಹಾಕಬೇಕೆಂದು ಕೇಳಿದಳು. ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು.

ಅಲ್ಲಿಂದ ಸ್ಟೇಷನ್. ತಮ್ಮ ಸರಳುಗಳ ಆಚೆ ಮಂಡಿ ಮಡಚಿ ಕೂತಿದ್ದ. ಉಗುರಿನ ಸಂದಿಯಲ್ಲಿ ಗ್ಯಾರೇಜಿನ ಗ್ರೀಸು.

"ಅಕ್ಕ, ನಾನಲ್ಲ."

"ಯಾಕೆ ಹೋಗಿದ್ದೆ?"

"ರಾಜಿ ಆಗೋಣ ಅಂತ. ಬಾಗಿಲು ತಳ್ಳಿದ್ರೆ ಅಪ್ಪ ಬಿದ್ದಿದ್ರು. ನೆಲದ ತುಂಬ ರಕ್ತ. ನನ್ನ ತಲೆಗೇ ಕಟ್ತಾರೆ ಅಂತ ಓಡ್ದೆ."

"ಬೋರ್ಡ್ ಮೇಲೆ ಉತ್ತರ ಇತ್ತಾ?"

"ಇತ್ತು."

"ಅಪ್ಪನ್ನ ಮುಟ್ಟಿ ನೋಡಿದ್ಯಾ?"

ಅವನು ತಲೆ ತಗ್ಗಿಸಿದ.

*

ಮಧ್ಯಾಹ್ನ ಅದೇ ತರಗತಿಯಲ್ಲಿ ಮೂವರು ಸೇರಿದರು: ಅವಳು, ಇನ್ಸ್‌ಪೆಕ್ಟರ್, ಶಾರ್ಟ್‌ಕಟ್ ಸರ್. ಸರ್ ಕರ್ಚೀಫಿನಿಂದ ಕಣ್ಣೊರೆಸಿಕೊಂಡರು.

"ಅಪ್ಪನ್ನ ಕೊನೇಲಿ ನೋಡಿದವರು ನೀವು," ಎಂದಳು. "ಏನು ಮಾಡ್ತಿದ್ರು ಸರ್?"

"ಈ ಲೆಕ್ಕನೇ ಬಿಡಿಸ್ತಾ ಇದ್ರಮ್ಮ. ಇಲ್ಲೇ, ಹೀಗೇ ನಿಂತಿದ್ರು."

"ನೀವಿದ್ದಾಗಲೇ ಮುಗೀತಾ?"

"ಮುಗೀತು. ಎರಡೂ ಕಡೆ ಸೈನ್ ಎಕ್ಸ್ ಹೊಡೆದ್ಹಾಕಿದ್ರು, ಅರವತ್ತು ಅಂತ ಬರೆದ್ರು. 'ಬರ್ತೀನಿ ಮೇಷ್ಟ್ರೇ' ಅಂದು ಹೊರಟೆ."

"ಅಪ್ಪನೇ ಹೊಡೆದ್ಹಾಕಿದ್ರಾ?"

"ಕಣ್ಣಾರೆ ನೋಡ್ದೆ. ನಾನ್ಯಾಕೆ ಸುಳ್ಳು ಹೇಳ್ಲಿ?"

ಅವಳು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಸರ್, ನೀವೂ ಅಪ್ಪನ ಹತ್ರ ಓದಿದವರು. ಅವರ ಮುಂದೆ ಯಾವತ್ತಾದ್ರೂ ಸೈನ್ ಎಕ್ಸ್ ಹೊಡೆದ್ಹಾಕಿದ್ರಾ?"

ಇನ್ಸ್‌ಪೆಕ್ಟರನ ಕೈ ತಾನಾಗಿ ಕಿವಿಗೆ ಹೋಯಿತು. "ಒಂದೇ ಸಲ. ಬೆಂಚಿನ ಮೇಲೆ ನಿಲ್ಲಿಸಿ ಕಿವಿ ಹಿಂಡಿದ್ರು. 'ಲೋ, ಸೊನ್ನೆ ಇರಬಹುದಾದ್ದರಿಂದ ಭಾಗಿಸ್ತೀಯೇನೋ? ಅದರೊಳಗೂ ಉತ್ತರ ಅನ್ನೋನು ಒಬ್ಬ ಇದಾನೆ. ಹೊಡೆದ್ರೆ ಸತ್ತುಹೋಗ್ತಾನೆ' ಅಂತ..."

ಹೇಳುತ್ತ ಹೇಳುತ್ತ ಹಲಗೆ ನೋಡಿದ. ಮುಖ ಕಪ್ಪಿಟ್ಟಿತು. ಬೆಳಗಿನಿಂದ ಅದರ ಮುಂದೆಯೇ ಓಡಾಡಿದ್ದ, ಒಂದು ಸಲವೂ ಓದಿರಲಿಲ್ಲ.

ಅವಳು ಸೀಮೆಸುಣ್ಣ ತೆಗೆದುಕೊಂಡು ಪಕ್ಕದಲ್ಲಿ ಬರೆದಳು.

sin x (2 cos x − 1) = 0

"ಅಪ್ಪ ಹೀಗೆ ಬರೀತಿದ್ರು. ಎಲ್ಲಾನೂ ಒಂದೇ ಕಡೆ ತಂದು, ಸೈನ್ ಎಕ್ಸ್ ಹೊರಗೆ ತೆಗೆದು. ಆವರಣದ ಒಳಗಿನದು ಸೊನ್ನೆ ಆದ್ರೆ ಅರವತ್ತು, ಮುನ್ನೂರು. ಸೈನ್ ಎಕ್ಸೇ ಸೊನ್ನೆ ಆದ್ರೆ ಸೊನ್ನೆ ಡಿಗ್ರಿ, ನೂರ ಎಂಬತ್ತು. ಅವೂ ಉತ್ತರವೇ. ಹೊಡೆದ್ಹಾಕಿದ್ರೆ ಅವು ಹೋದವು. ಈ ಶಾರ್ಟ್‌ಕಟ್ ಯಾರ ಪುಸ್ತಕದ್ದು ಅಂತ ಗೋಡೆ ಮೇಲಿನ ಪೋಸ್ಟರೇ ಹೇಳುತ್ತೆ."

"ಆತುರದಲ್ಲಿ ಹೊಡೆದಿರಬಹುದು," ಎಂದರು ಸರ್.

"ಮೇಷ್ಟ್ರು? ಆತುರ?" ಇನ್ಸ್‌ಪೆಕ್ಟರ್ ಗದರಿದ. ಆದರೂ ಅವಳನ್ನು ಕೇಳಿದ: "ನಿನ್ನ ತಮ್ಮನೇ ಬರೆದಿರಬಹುದಲ್ಲಮ್ಮ?"

"ತಮ್ಮ ಬರೆದಿದ್ರೆ, ಅದಕ್ಕೂ ಮುಂಚೆ ಹೊರಟುಹೋದ ಇವರು ಅಪ್ಪ ಬರೆಯೋದನ್ನ ನೋಡಿದ್ದು ಹೇಗೆ?"

ಶಾರ್ಟ್‌ಕಟ್ ಸರ್ ಹುಡುಗರ ಬೆಂಚಿನ ಮೇಲೆ ಕುಸಿದು ಕೂತರು.

"'ಹೊರಗಿನ ಬೋರ್ಡಿಂದ ನನ್ನ ಹೆಸರು ತೆಗೀರಿ' ಅಂದ್ರು ಮೇಷ್ಟ್ರು. 'ನಿಮ್ಮ ಪುಸ್ತಕ ಹುಡುಗರನ್ನ ಹಾಳು ಮಾಡ್ತಿದೆ, ಅಪ್ಪ-ಅಮ್ಮಂದಿರಿಗೆ ನಾನೇ ಹೇಳ್ತೀನಿ' ಅಂದ್ರು. ಅವರ ಹೆಸರಿಲ್ದೆ ಇಲ್ಲಿ ನೊಣಾನೂ ಬರಲ್ಲ. ನಾನು ಇನ್ನೂ ಮಾತಾಡ್ತಾ ಇದ್ದೆ. ಅವರು ಬೆನ್ನು ತಿರುಗಿಸಿ ಬೋರ್ಡ್ ಒರೆಸೋಕೆ ಹೋದ್ರು." ಬಾಗಿಲ ಕಡೆ ನೋಡುತ್ತ ಹೇಳಿದರು: "ಸತ್ತೇಹೋದ್ರು ಅಂದ್ಕೊಂಡೆ. ನಾನು ಹೊರಡೋವಾಗ ಬದುಕಿದ್ರು ಅಂತ ತೋರಿಸೋಕೆ ಉತ್ತರ ಬರೆದೆ. ಚಾಕ್ ಅವರ ಕೈಗೆ ಇಟ್ಟೆ."

ಅವಳಿಗೆ ಸಿಟ್ಟೂ ಬರಲಿಲ್ಲ. ಕೈಗಂಟಿದ ಸುಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು.

*

ಸಂಜೆ ತಮ್ಮನನ್ನು ಬಿಟ್ಟರು. ಇಬ್ಬರೂ ನಡೆದೇ ಹೊರಟರು. ತಿರುವಿನಲ್ಲಿ ಅವನು ನಿಂತ.

"ಅಕ್ಕ, ಒಂದು ಕೇಳ್ಲಾ? ನಾನು ನೋಡಿದಾಗ... ಅಪ್ಪನ ಜೀವ ಹೋಗಿತ್ತಾ?"

ಅಪ್ಪನ ಸಾವಿಗೂ ಎರಡು ಉತ್ತರ. ಒಂದು ಈಗ ಲಾಕಪ್ಪಿನಲ್ಲಿದೆ. ಇನ್ನೊಂದು ಎದುರಿಗೆ ನಿಂತು, ಗ್ರೀಸಿನ ಕೈ ಹಿಸುಕಿಕೊಳ್ಳುತ್ತ, ಅವಳ ಬಾಯನ್ನೇ ನೋಡುತ್ತಿದೆ. ಡಾಕ್ಟರ ವರದಿ ಕೋರ್ಟಿಗೆ ಹೋಗುತ್ತದೆ. ಎಂದಾದರೂ ಅವನು ಅದನ್ನು ಓದಬಹುದು. ಆ ದಿನ ಇವತ್ತಾಗುವುದು ಅವಳಿಗೆ ಬೇಕಿರಲಿಲ್ಲ.

"ಹೋಗಿತ್ತು ಕಣೋ," ಎಂದಳು. "ನೀನು ಬರೋ ಮುಂಚೇನೇ."

ತಮ್ಮ ನಡುರಸ್ತೆಯಲ್ಲೇ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಅಪ್ಪ ಕಲಿಸಿದ ಮೇಲೆ ಒಂದು ಸಲವೂ ಮಾಡದ ಕೆಲಸವನ್ನು ಅವಳು ಆಗ ಮಾಡಿದ್ದಳು. ಒಂದು ಉತ್ತರವನ್ನು, ಅಲ್ಲಿದೆಯೆಂದು ಗೊತ್ತಿದ್ದೂ ಹೊಡೆದುಹಾಕಿದ್ದಳು.