ಬಿರುಕಿಲ್ಲದ ಬ್ಲಾಕ್

“ಅದನ್ನ ತಗೋಬೇಡಿ! ಒಳಗೆ ಬಿರುಕಿದೆ!”

ಬನಾರಸ್ಸಿನ ಗುಜರಿ ಅಂಗಳದಲ್ಲಿ ಅಚ್ಚ ಕನ್ನಡ! ಶ್ರೀಜಾ ಬೆಚ್ಚಿ ತಿರುಗಿದಳು.

ಕನ್ನಡಕ, ಮಾಸಿದ ಶರಟು, ಕಿಸೆಯಿಂದ ಇಣುಕುವ ಸೀಮೆಸುಣ್ಣ. ಅವಳು ಫೋನಿನಲ್ಲಿ ಅಪ್ಪನ ಜೊತೆ ಕನ್ನಡದಲ್ಲಿ ಜಗಳವಾಡಿದ್ದನ್ನು ಮಹಾಶಯ ಪೂರ್ತಿ ಕೇಳಿಸಿಕೊಂಡಿದ್ದ ಅಂತ ಕಾಣುತ್ತದೆ.

“ನಿಮಗೆ ಹೇಗೆ ಗೊತ್ತು?”

“ವಾಲ್ವ್ ಕೂರೋ ಜಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದಾರೆ. ಏನೋ ಮುಚ್ಚಿದ್ದಾರೆ.”

ಅವಳು ಸ್ಪ್ಯಾನರಿನಿಂದ ಆ ಹಳೇ ಎಂಜಿನ್ ಬ್ಲಾಕಿಗೆ ಒಂದು ಬಡಿದಳು. ಟಣ್! ದೇವರಮನೆಯ ಗಂಟೆಯ ಹಾಗೆ ಸದ್ದು.

“ಕೇಳಿಸ್ತಾ? ಬಿರುಕಿದ್ರೆ ಡಬ್ ಅಂತಿತ್ತು. ನಮ್ಮಜ್ಜ ಕಲಿಸಿದ್ದು.”

“ಕೂದಲೆಳೆಯಂಥ ಬಿರುಕು ಸದ್ದಿಗೆ ಸಿಗಲ್ಲ ರೀ...”

“ಅರೇ, ನಿಮ್ಮ ಸಲಹೆ ನಿಮ್ಮ ಹತ್ರಾನೇ ಇರಲಿ!”

ಟೆಂಪೋ ತರಲು ಅವಳು ದಾಪುಗಾಲು ಹಾಕಿದಳು.

ಅವಳ ಅವಸರಕ್ಕೆ ಕಾರಣವಿತ್ತು. ಅವಳ ಅಪ್ಪ, ಶಿವಾಲ ಘಾಟಿನ ಬದರೀನಾರಾಯಣ ಆಚಾರ್ಯರ ಮನೆತನ ಮೂರು ತಲೆಮಾರಿನಿಂದ ದಕ್ಷಿಣದ ಯಾತ್ರಿಕರಿಗೆ ಪೌರೋಹಿತ್ಯ ಮಾಡುತ್ತಿತ್ತು. ಅವಳ ಅಜ್ಜ ಮಿಲಿಟರಿ ಹರಾಜಿನಲ್ಲಿ ಕೊಂಡ ಹಳೇ ಜೀಪಿನಲ್ಲಿ, ನಡೆಯಲಾಗದ ಮುದುಕರನ್ನು ಸ್ಟೇಷನ್ನಿನಿಂದ ಕರೆತರುತ್ತಿದ್ದರು. ಆ ಜೀಪಿನ ಎಂಜಿನ್ ಫ್ಲಾಟ್‌ಹೆಡ್ ಜಾತಿಯದು. ವಾಲ್ವ್‌ಗಳೆಲ್ಲ ಸಿಲಿಂಡರಿನ ಪಕ್ಕದಲ್ಲೇ, ಬ್ಲಾಕಿನೊಳಗೇ ಕೂರುತ್ತವೆ. ಬ್ಲಾಕ್ ಸೀಳಿದರೆ ಎಂಜಿನ್ನಿನ ಕಥೆ ಮುಗಿಯಿತು. ಅಜ್ಜನ ಜೀಪಿನದು ಸೀಳಿ ಆರು ವರ್ಷವಾಗಿತ್ತು.

“ದೀಪಾವಳಿ ಒಳಗೆ ಗಟ್ಟಿ ಬ್ಲಾಕ್ ತಂದ್ರೆ ಸರಿ ಮಗಳೇ. ಇಲ್ಲಾಂದ್ರೆ ಜೀಪು ಗುಜರಿಗೆ” ಎಂದಿದ್ದರು ಅಪ್ಪ. ದೀಪಾವಳಿಗೆ ಉಳಿದಿದ್ದು ಮೂರೇ ವಾರ.

ಮಧ್ಯಾಹ್ನ ಟೆಂಪೋ ಜೊತೆ ಬಂದು ನೋಡಿದರೆ, ಬ್ಲಾಕೇ ಇಲ್ಲ!

“ಸಾಬ್ ಲೇ ಗಯೇ” ಎಂದ ಅಂಗಡಿಯವ. “ವಹೀ ಚಶ್ಮೇವಾಲೇ. ಯೂನಿವರ್ಸಿಟೀ ಮೇಂ ಹೈಂ.”

ಯೂನಿವರ್ಸಿಟಿಯ ಆ ಕನ್ನಡಕದವನೇ ಒಯ್ದಿದ್ದ! ಶ್ರೀಜಾಳ ಮೈಯೆಲ್ಲ ಉರಿಯಿತು. *ಕೆಟ್ಟದ್ದು ಅಂತ ನನ್ನ ಓಡಿಸಿ ತಾನೇ ಹೊಡ್ಕೊಂಡನಾ? ಬಿಡ್ತೀನಾ ಇವನ್ನ!*

ಲಂಕಾ ಪೇಟೆಯ ಗದ್ದಲ ದಾಟಿ, ಕ್ಯಾಂಪಸ್ಸಿನಲ್ಲಿ ನಾಲ್ಕು ಕಡೆ ವಿಚಾರಿಸಿ, ಲೋಹಶಾಸ್ತ್ರ ವಿಭಾಗದ ಹಿಂದಿನ ಜಗಲಿಯಲ್ಲಿ ಅವನನ್ನು ಹಿಡಿದೇಬಿಟ್ಟಳು. ಅವನ ಹೆಸರು ಗೋಪಿನಾಥ. ದಾವಣಗೆರೆಯವನು, ಸಂಶೋಧಕ.

“ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ? ಕೆಟ್ಟಿದೆ ಅಂದೋರು ನೀವ್ಯಾಕೆ ತಗೊಂಡ್ರಿ?”

“ಕೆಟ್ಟಿದೆ ಅಂತಾನೇ ತಗೊಂಡೆ!”

“ಏನು?”

“ಎರಕದ ಕಬ್ಬಿಣ ಹೇಗೆ ಸೀಳುತ್ತೆ ಅನ್ನೋದೇ ನನ್ನ ಸಂಶೋಧನೆ. ನೀವು ಬೇಡ ಅಂತ ಬಿಟ್ಟು ಹೋದ್ರಿ ಅಂದ್ಕೊಂಡೆ. ಕೇಳಬೇಕಿತ್ತು. ತಪ್ಪಾಯ್ತು...” ಅವನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಚಾಚಿದ. “ನನ್ನ ನಂಬಬೇಡಿ. ನೀವೇ ನೋಡಿ.”

ಅವನು ಹೇಳಿದಂತೆ ಅವಳು ಬಣ್ಣ ಕೆರೆದಳು. ಸೀಮೆಎಣ್ಣೆ ಸವರಿ, ಕಾದು, ಒಣಗುವಂತೆ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದಳು. ಮೊದಲು ಎಲ್ಲ ಬೆಳ್ಳಗೇ ಇತ್ತು.

ಆಮೇಲೆ... ವಾಲ್ವಿನ ಗುಳಿಯಿಂದ ಸಿಲಿಂಡರಿನವರೆಗೆ ಒಂದು ಕಪ್ಪು ಗೆರೆ ಮೆಲ್ಲಗೆ ಮೂಡಿತು. ಬಿರುಕಿನಲ್ಲಿ ಅಡಗಿದ್ದ ಎಣ್ಣೆ ಜಿನುಗಿ ಎಲ್ಲವನ್ನೂ ಬಯಲು ಮಾಡಿತ್ತು.

ಶ್ರೀಜಾ ಬಟ್ಟೆ ಕೆಳಗಿಟ್ಟಳು. ತಾನು ಇಂಥ ಬ್ಲಾಕಿಗೆ ದಿನಗಟ್ಟಲೆ ಬೆವರು ಸುರಿಸಿ, ಕೊನೆಗೆ ಅಪ್ಪನ ಮುಂದೆ ಸೋತು ನಿಲ್ಲುತ್ತಿದ್ದಳಲ್ಲ!

“ನಾನೇ ಒಂದು ಹುಡುಕಿ ಕೊಡ್ಲಾ?”

“ಬೇಡ.” ಅವಳು ಕಣ್ಣೊರೆಸಿಕೊಂಡಳು. “ಹುಡುಕೋದು ನಾನೇ. ಈ ಪರೀಕ್ಷೆ ಸರಿಯಾಗಿ ಕಲಿಸಿ, ಸಾಕು.”

ಕಲಿಸುವವನು ಒಂದೇ ದಿನಕ್ಕೆ ಮುಗಿಸಬಹುದಿತ್ತು. ಮುಗಿಸಲಿಲ್ಲ! ಪ್ರತಿ ಗುಜರಿ ಅಂಗಡಿಗೂ ಅವಳ ಜೊತೆ ಬಂದ. ಸೀಮೆಎಣ್ಣೆ ನೆನೆಯುವ ಹೊತ್ತಿನಲ್ಲಿ ಇಬ್ಬರೂ ಅವಳ ಡಬ್ಬಿಯ ಚಿತ್ರಾನ್ನ ಹಂಚಿಕೊಂಡರು. ಐದು ಬ್ಲಾಕ್ ನೋಡಿದರು, ಐದರಲ್ಲೂ ಕಪ್ಪು ಗೆರೆ. ಪ್ರತಿ ಸಲವೂ ಅವಳು ಕೈ ಒರೆಸಿಕೊಂಡು, “ಮುಂದಿನದು ಎಲ್ಲಿ?” ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಗೋಪಿನಾಥನಿಗೆ ಏನೋ ಆಗುತ್ತಿತ್ತು. ಅವನು ಸೀಮೆಎಣ್ಣೆ ಡಬ್ಬಿ ಎತ್ತಿಕೊಂಡು ಅವಳ ಹಿಂದೆ ನಡೆಯುತ್ತಿದ್ದ.

ಗುಜರಿ ಅಂಗಡಿಗಳೆಲ್ಲ ಮುಗಿದಾಗ ಶ್ರೀಜಾ ಅಜ್ಜನ ಯಾತ್ರಿಕರ ಪುಸ್ತಕಗಳನ್ನು ಹರಡಿ ಕೂತಳು. ಊರು, ಗೋತ್ರ, ಮಕ್ಕಳ ಹೆಸರು ಮಾತ್ರವಲ್ಲ, ಯಾರು ಹೇಗೆ ಬಂದರು ಎಂಬುದನ್ನೂ ಅಜ್ಜ ಬರೆಯುತ್ತಿದ್ದರು. ಮೂರು ದಿನ ಪುಟ ತಿರುವಿದ ಮೇಲೆ ಸಿಕ್ಕಿತು.

‘ಕೂಡ್ಲಿಗಿಯ ಕೊಟ್ಟೂರಯ್ಯನವರು. ನಮ್ಮಂಥದ್ದೇ ಜೀಪು. ಹಿಂದಿನ ಚಕ್ರದ ಆಕ್ಸಲ್ ಮುರಿದು, ಜೀಪನ್ನು ಸಾರನಾಥದ ಹೂವಿನ ತೋಟದ ಮೌರ್ಯರಿಗೆ ಕೊಟ್ಟು ರೈಲಿನಲ್ಲಿ ಹಿಂದಿರುಗಿದರು.’

*ಮುರಿದದ್ದು ಆಕ್ಸಲ್... ಎಂಜಿನ್ ಅಲ್ಲ!*

ಮರುದಿನ ಬೆಳಿಗ್ಗೆ ಇಬ್ಬರೂ ಸಾರನಾಥದ ಆಟೋ ಹತ್ತಿದರು. ಮೌರ್ಯರ ಮೊಮ್ಮಗ ಕೊಟ್ಟಿಗೆಯ ಮೂಲೆಯ ಹುಲ್ಲು ಸರಿಸಿದ. ಬಾವಿಯ ಪಂಪಿಗೆ ವರ್ಷಗಟ್ಟಲೆ ದುಡಿದ ಎಂಜಿನ್ ಅಲ್ಲಿ ತಣ್ಣಗೆ ಕೂತಿತ್ತು. “ಚಲತಾ ಥಾ, ದೀದೀ. ಬಿಜಲೀ ಆಯೀ ತೋ ಛೋಡ್ ದಿಯಾ” ಎಂದು ಅವನು ಕೆಲಸಕ್ಕೆ ಹೋದ. ಓಡುತ್ತಿದ್ದ ಎಂಜಿನ್ನನ್ನು ಕರೆಂಟು ಬಂದ ಮೇಲೆ ಬಿಟ್ಟಿದ್ದರು, ಅಷ್ಟೇ.

ತುಕ್ಕು ಹಿಡಿದ ನಟ್ಟುಗಳನ್ನು ಒಂದೊಂದಾಗಿ ಬಿಡಿಸುವಷ್ಟರಲ್ಲಿ ಶ್ರೀಜಾಳ ಅಂಗೈಯಲ್ಲಿ ಬೊಬ್ಬೆ ಬಂತು. ಮೇಲಿನ ಮುಚ್ಚಳ ಎತ್ತಿದಳು. ಬಡಿದಳು. ಟಣ್! ಸೀಮೆಎಣ್ಣೆ ಸವರಿದಳು, ಕಾದಳು, ಒರೆಸಿದಳು, ಪುಡಿ ಉದುರಿಸಿದಳು.

ಗೋಪಿನಾಥ ಕೈಕಟ್ಟಿ ದೂರ ನಿಂತಿದ್ದ.

“ನೀವು ನೋಡಲ್ವಾ?”

“ನೀವೇ ಹೇಳಿ. ನಿಮ್ಮ ಮಾತೇ ಕೊನೆ.”

ಹತ್ತು ನಿಮಿಷ... ಇಪ್ಪತ್ತು ನಿಮಿಷ... ವಾಲ್ವಿನ ಎಂಟು ಗುಳಿಗಳ ಸುತ್ತಲೂ ಬಿಳುಪು ಬಿಳುಪಾಗಿಯೇ ಉಳಿಯಿತು.

“ಗಟ್ಟಿ ಇದೆ!” ಶ್ರೀಜಾ ಕೂಗಿದಳು. ಕಣ್ಣೀರು ಧಾರಾಕಾರವಾಗಿ ಇಳಿಯಿತು. “ಗೋಪಿನಾಥ್, ಅಜ್ಜನ ಜೀಪು ಉಳೀತು!”

ಅವನೂ ನಕ್ಕ. ಅವಳಿಗೆ ಆಗ ಏನೋ ಹೊಳೆಯಿತು.

“ಒಂದು ನಿಮಿಷ. ನಿಮಗೆ ಬೇಕಾದ ಬಿರುಕು ಬ್ಲಾಕ್ ಮೊದಲ ದಿನವೇ ಸಿಕ್ಕಿತ್ತು. ಮತ್ತೆ ಎರಡು ವಾರ ನನ್ನ ಜೊತೆ ಯಾಕೆ ಅಲೆದ್ರಿ?”

ಗೋಪಿನಾಥನ ಕಿವಿ ಕೆಂಪಾಯಿತು.

“ಚಿತ್ರಾನ್ನಕ್ಕೆ...”

“ಸುಳ್ಳು.”

“ನಿಮಗೋಸ್ಕರ, ಶ್ರೀಜಾ. ಬ್ಲಾಕ್ ಸಿಗಲಿ ಅಂತಾನೂ ಬೇಡ್ಕೊಂಡೆ. ಇವತ್ತೇ ಸಿಗದಿರಲಿ ಅಂತಾನೂ...”

ಅವಳು ಬೊಬ್ಬೆ ಬಂದ ಕೈಯನ್ನು ಅವನ ಕೈಯೊಳಗೆ ಇಟ್ಟಳು. ಅವನು ಹಗುರವಾಗಿ ಹಿಡಿದುಕೊಂಡ.

“ನಿಮ್ಮಪ್ಪ ಯಾತ್ರಿಕರ ಪುಸ್ತಕದಲ್ಲಿ ನನ್ನ ಹೆಸರೂ ಬರೀತಾರಾ?”

“ಬಂದು ಹೋಗೋರ ಹೆಸರಷ್ಟೇ ಅದರಲ್ಲಿ ಬರೆಯೋದು.” ಅವಳು ಅವನ ಕಣ್ಣನ್ನೇ ನೋಡಿದಳು. “ಹೋಗ್ತೀರಾ?”

“ಇಲ್ಲ.”

“ಹಾಗಾದ್ರೆ ಬರೆಯೋದು ಬೇಡ.”