ತೂಕದ ಫೈಲು

ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಯಾವ ಫೈಲನ್ನು ಯಾರು ತೆರೆಯಬಹುದೆಂಬ ಅನುಮತಿ ಕೊಡುವ, ತೆಗೆಯುವ ಪ್ರೋಗ್ರಾಂ ನಾನೇ ಬರೆದದ್ದು. ಭತ್ತದ ತೂಕದ ಫೈಲು ಗುಮಾಸ್ತ ಹಂಪಯ್ಯ ಮಾವನದು. ಅವರು ಹೊಸಪೇಟೆಯ ಆಸ್ಪತ್ರೆಯಲ್ಲಿದ್ದಾಗ ಸಾಹುಕಾರರು, "ಅವ ಇನ್ನ ಬರಂಗಿಲ್ಲವ್ವ, ಹೆಸರು ತೆಗಿ" ಅಂದರು.

"ಇನ್ನೂ ಉಸಿರೈತ್ರಿ, ಸಾವ್ಕಾರ್ರ."

"ಉಸಿರು ಬಂದು ಭತ್ತ ತೂಗತೈತೇನು? ಜಲ್ದಿ ತೆಗಿ."

ತೆಗೆದೆ. ತೆಗೆದ ಬೆನ್ನಿಗೇ ಅವರ ಹೆಂಡತಿ ತಾಯಕ್ಕನ ಫೋನು ಬಂತು.

"ಹೋಗಿಬಿಟ್ರವ್ವ. ಬಾಗ್ಲಾ ಯಾಕ ಹಾಕಿದ್ರಿ ಅಂದ್ರು, ಅಷ್ಟ. ಬಾಗ್ಲಾ ತೆಗ್ದೇ ಇತ್ತು ನೋಡು."

ತಡೆಯಲಾರದೆ ಅವರ ಹೆಸರನ್ನು ಮತ್ತೆ ಸೇರಿಸಲು ಹೋದೆ. ಅದು ಆಗಲೇ ಅಲ್ಲಿತ್ತು. ಸಂಜೆ ಕ್ಲಾಸಿನಲ್ಲಿ ಕಲಿತವಳು, ಪ್ರೋಗ್ರಾಂ ತಪ್ಪು ಬರೆದಿರಬೇಕು ಅಂದುಕೊಂಡೆ. ಪಕ್ಕದಲ್ಲಿದ್ದ ಅವರ ಕುರ್ಚಿಯ ಮೇಲೆ ಕೈಯಿಟ್ಟೆ. ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು.

ತೂಕದ ಫೈಲು ತೆರೆಯಲು ನೋಡಿದೆ. 'ಹಂಪಯ್ಯ ಬಳಸುತ್ತಿದ್ದಾರೆ, ದಯವಿಟ್ಟು ಕಾಯಿರಿ' ಎಂದು ಬಂತು.

ಸಾಹುಕಾರರು ಹೊಸ ಫೈಲು ಮಾಡಿಸಿದರು. ಹಳೆಯದು ಇವತ್ತಿಗೂ ಕಾಯಿರಿ ಎನ್ನುತ್ತದೆ.