ಎಡ ಮೂರು

ಓಡುವ ರ‍್ಯಾಲಿ ಕಾರಿನೊಳಗೆ ಪೆಪ್ಪರ್‌ಮಿಂಟ್ ಚೀಪಬಹುದೇ, ಕೂಡದೇ? ಇದು ಕ್ಷುಲ್ಲಕ ಪ್ರಶ್ನೆ ಎನ್ನುವವರು ಇಲ್ಲೇ ಇಳಿದುಕೊಳ್ಳಬಹುದು. ಇಬ್ಬರ ಬಾಳು, ಒಂದು ಕಾರಿನ ಮೂತಿ, ಒಬ್ಬ ಅಪ್ಪನ ರಕ್ತದೊತ್ತಡ, ಮೂರೂ ಈ ಪ್ರಶ್ನೆಗೆ ತಗುಲಿಕೊಂಡಿವೆ.

"ಉಗೀರಿ," ಎಂದಳು ಅವಳು.

ಅವನಿಗೆ ಅವಳು ಆಡಿದ ಮೊಟ್ಟಮೊದಲ ಮಾತು ಅದು.

ಅಪ್ಪನ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಉದ್ದನೆಯ ಮನುಷ್ಯ ಹೈಸ್ಕೂಲಿನ ಗಣಿತ ಮೇಷ್ಟ್ರು. ಅವಳ ರ‍್ಯಾಲಿ ಕಾರಿನಲ್ಲಿ ಪಕ್ಕಕ್ಕೆ ಕೂತು ದಾರಿ ಓದಿ ಹೇಳುವವನ ಸೀಟು ಖಾಲಿಯಾಗಿದೆ ಎಂದು ಕೇಳಿ ಬಂದಿದ್ದ. ಎಡಗೆನ್ನೆ ಉಬ್ಬಿತ್ತು.

"ಏನನ್ನ?"

"ಬಾಯಲ್ಲಿರೋದನ್ನ. ನಿಮ್ಮ ನಾಲಿಗೆ ಒಂದ್ಸಲ ತೊದಲಿದ್ರೆ ನಾನು ಮರಕ್ಕೆ ಹೋಗಿ ಹೊಡೀತೀನಿ. ನೀವೂ ಜೊತೇಲೇ ಬರ್ತೀರಿ."

ಅವನು ಉಗಿಯಲಿಲ್ಲ. ಇಡಿಯಾಗಿ ನುಂಗಿಬಿಟ್ಟ. ಕಣ್ಣಲ್ಲಿ ನೀರು ತುಂಬಿತು.

"ಈಗ ಓದ್ಲಾ?"

ಕಣ್ಣಲ್ಲಿ ನೀರು... ಆದರೆ ಧ್ವನಿ ಒಂದಿಷ್ಟೂ ಅಲುಗಿಲ್ಲ! ಅವಳಿಗೆ ಅಂದೇ ಎದೆಯಲ್ಲಿ ಏನೋ ಜಾರಿದಂತಾಯಿತು. ಎಂಜಿನ್ ಆಯಿಲಿನ ವಾಸನೆ ಇರಬೇಕೆಂದು ತನಗೆ ತಾನೇ ಹೇಳಿಕೊಂಡಳು.

ಡಾಂಬರು ರಸ್ತೆಯ ರ‍್ಯಾಲಿ ಎಂದರೆ ಇಷ್ಟೇ. ಜನ ಓಡಾಡುವ ಮಾಮೂಲಿ ರಸ್ತೆಯನ್ನು ಆ ದಿನದ ಮಟ್ಟಿಗೆ ಮುಚ್ಚುತ್ತಾರೆ. ಕಾರುಗಳು ಒಂದೊಂದಾಗಿ ಹೊರಡುತ್ತವೆ. ಕಡಿಮೆ ಹೊತ್ತಿನಲ್ಲಿ ಮುಟ್ಟಿದವರು ಗೆದ್ದರು. ಗೋಡೆ, ಕಂಬ, ಮರಗಳು ಯಾರಿಗಾಗಿಯೂ ಪಕ್ಕಕ್ಕೆ ಸರಿಯುವುದಿಲ್ಲ. ತಿರುವಿನಾಚೆ ಏನಿದೆಯೆಂದು ಓಡಿಸುವವಳಿಗೆ ಕಾಣುವುದೂ ಇಲ್ಲ. ಮುಂಚೆಯೇ ನಿಧಾನವಾಗಿ ಹೋಗಿ ಇಬ್ಬರೂ ಸೇರಿ ಗುರುತು ಹಾಕಿಕೊಂಡಿದ್ದನ್ನು ಪಕ್ಕದವನು ಓದುತ್ತಾ ಹೋಗುತ್ತಾನೆ. ಪ್ರತಿ ತಿರುವಿಗೂ ಒಂದು ಅಂಕಿ. ಒಂದು ಎಂದರೆ ತೆವಳಬೇಕಾದ ತಿರುವು. ಆರು ಎಂದರೆ ಆಕ್ಸಿಲರೇಟರಿನಿಂದ ಕಾಲೆತ್ತದೆ ಹೋಗಬಹುದಾದದ್ದು.

ಅವಳು ವಾರವೆಲ್ಲ ಡ್ರೈವಿಂಗ್ ಸ್ಕೂಲಿನಲ್ಲಿ ನಡುವಯಸ್ಸಿನ ಗಂಡಸರಿಗೆ, ಹೆದರಿದ ಹೊಸ ಸೊಸೆಯರಿಗೆ "ನಿಧಾನ, ನಿಧಾನ" ಎಂದು ಕಲಿಸುವವಳು. ಆ ಮೂರಕ್ಷರದ ಮಾತನ್ನು ಅವಳು ತನಗೆ ತಾನು ಹೇಳಿಕೊಂಡಿದ್ದನ್ನು ಯಾರೂ ಕೇಳಿಲ್ಲ.

ಒಂದು ವರ್ಷ ಚೆನ್ನಾಗಿ ನಡೆಯಿತು. "ಬಲ ಐದು," ಎಂದರೆ ಅದು ಐದೇ. ಬೇರೆ ಹೆಣ್ಣುಮಕ್ಕಳಿಗೆ ಹಾಡು ಕೇಳಿದರೆ ಆಗುವುದು ಅವಳಿಗೆ "ಬಲ ಐದು, ಮುಂದೆ ಸೇತುವೆ," ಎಂಬುದನ್ನು ಕೇಳಿದರೆ ಆಗುತ್ತಿತ್ತು.

ಕೆಡಿಸಿದವರು ಅಪ್ಪ. ಕಾರಿನೊಳಗೆ ಇಬ್ಬರನ್ನೂ ಸುತ್ತುವರಿದ ಕಬ್ಬಿಣದ ಪಂಜರಕ್ಕೆ ಬೆಸುಗೆ ಹಾಕುತ್ತಾ, ಮುಖ ಎತ್ತದೆ, "ಮೇಷ್ಟ್ರೇ, ಇರೋಳು ಒಬ್ಬಳೇ. ಸ್ವಲ್ಪ ನೋಡ್ಕೊಳಿ," ಎಂದರು. ಆಮೇಲೆ ಆ ಮಾತನ್ನು ಅವರು ಮರೆತೂಬಿಟ್ಟರು.

ಮೇಷ್ಟ್ರು ಮರೆಯಲಿಲ್ಲ. ಮುಂದಿನ ರ‍್ಯಾಲಿಯಿಂದ ನಾಲ್ಕು ಇದ್ದಲ್ಲಿ ಮೂರು ಎಂದ. ಐದು ಇದ್ದಲ್ಲಿ ನಾಲ್ಕು.

ಅವಳಿಗೆ ಮೊದಲ ತಿರುವಿನಲ್ಲೇ ಗೊತ್ತಾಯಿತು. ಬಿಗಿಯಾಗಿರಬೇಕಿದ್ದ ರಸ್ತೆ ಬಾಗಿಲು ತೆರೆದಂತೆ ಅಗಲವಾಗಿ ತೆರೆದುಕೊಂಡಿತು. ಕೇಳೋಣವೆಂದು ಬಾಯಿ ತೆರೆದಳು. ಆದರೆ ಯಾಕೆ ಎಂದು ಕೇಳಿದರೆ ಅವನು ಹೇಳಿಬಿಟ್ಟರೆ? ಹೇಳಿದ ಮೇಲೆ ಈ ಸೀಟು, ಈ ಧ್ವನಿ, ಇದೆಲ್ಲ ಹೀಗೇ ಉಳಿಯುತ್ತದೆಯೇ?

ಬಾಯಿ ಮುಚ್ಚಿಕೊಂಡಳು. ಅವನು ಹೇಳಿದ್ದಕ್ಕೆ ಮನಸ್ಸಿನಲ್ಲೇ ಒಂದು ಸೇರಿಸಿಕೊಳ್ಳತೊಡಗಿದಳು.

ಅವನು ಒಂದು ಕಳೆಯುವುದು, ಇವಳು ಒಂದು ಕೂಡಿಸುವುದು. ಲೆಕ್ಕ ಸರಿಹೋಗುತ್ತಿತ್ತು, ಕಾರು ರಸ್ತೆಯ ಮೇಲೇ ಇರುತ್ತಿತ್ತು. ಎಷ್ಟೋ ಸಂಸಾರಗಳು ಹೀಗೇ ನಡೆಯುತ್ತವೆ.

ವರ್ಷದ ಕೊನೆಯ ರ‍್ಯಾಲಿಯ ಬೆಳಗ್ಗೆ ರೇಡಿಯೋದ ಹುಡುಗಿಯೊಬ್ಬಳು ಮೈಕು ಹಿಡಿದು ಬಂದಳು. "ಭಯ ಆಗಲ್ವಾ ಮೇಡಂ?"

"ಕಾಣೋ ತಿರುವಿಗೆ ಆಗುತ್ತೆ. ಕಾಣದೇ ಇರೋದನ್ನ ಮೇಷ್ಟ್ರು ಹೇಳ್ತಾರೆ. ಅವರು ಹೇಳಿದ್ಮೇಲೆ ನಾನು ಯೋಚ್ನೆ ಮಾಡಲ್ಲ."

ಹೆಲ್ಮೆಟ್ ಒರೆಸುತ್ತಿದ್ದ ಮೇಷ್ಟ್ರ ಕೈ ನಿಂತಿತು. ಕಿವಿ ಕೆಂಪಾಯಿತು. ಅಂದಿನಿಂದ ಇದ್ದದ್ದನ್ನು ಇದ್ದಂತೆಯೇ ಓದುವುದೆಂದು ಅವನು ಆ ಕ್ಷಣವೇ ನಿಶ್ಚಯಿಸಿದ. ಬಹಳ ಒಳ್ಳೆಯ ನಿಶ್ಚಯ. ಅವಳಿಗೆ ತಿಳಿಸಬೇಕೆಂಬುದೊಂದೇ ಹೊಳೆಯಲಿಲ್ಲ.

ರ‍್ಯಾಲಿ ಶುರುವಾಗಿ, ಹೊರಬದಿಗೆ ಗೋಡೆಯಿದ್ದ ತಿರುವು ಹತ್ತಿರವಾದಾಗ ಅವನು, "ಎಡ ಮೂರು, ಗೋಡೆ ಹೊರಗೆ," ಎಂದ.

ನಾಲ್ಕು, ಎಂದುಕೊಂಡು ಅವಳು ಹೋದಳು.

ಅದು ಮೂರೇ ಆಗಿತ್ತು.

ಚಕ್ರಗಳು ಕಿರುಚಿದವು. ಗೋಡೆಗೆ ಅಡ್ಡವಾಗಿ ಪೇರಿಸಿದ್ದ ಹುಲ್ಲಿನ ಕಟ್ಟುಗಳೆಲ್ಲ ಒಟ್ಟಿಗೇ ಎದ್ದು ಬಂದಂತಾಯಿತು. ಬೆಲ್ಟು ಎದೆಯನ್ನು ಹಿಂದಕ್ಕೆ ಜಗ್ಗಿತು. ಆಮೇಲೆ ಸದ್ದೇ ಇಲ್ಲ.

"ಮೇಡಂ... ಮೇಡಂ, ಮಾತಾಡಿ."

"ಇದೀನಿ. ನೀವು?"

"ಇದೀನಿ."

ನಡೆದುಕೊಂಡೇ ಹೊರಬಂದರು. ಇಂಥ ಹೊತ್ತಿಗೆಂದೇ ಪ್ರತಿ ಕಾರಿನಲ್ಲಿ "ಓಕೆ" ಎಂದು ಬರೆದ ಒಂದು ಫಲಕವಿರುತ್ತದೆ. ತಮಗೆ ಪೆಟ್ಟಾಗಿಲ್ಲವೆಂದು ಹಿಂದೆ ಬರುವವರಿಗೆ ಅದನ್ನು ಎತ್ತಿ ತೋರಿಸಬೇಕು. ಇಲ್ಲದಿದ್ದರೆ ಅವರು ನಿಂತು ನೆರವಿಗೆ ಬರಬೇಕಾಗುತ್ತದೆ. ರಸ್ತೆಯಿಂದ ಮೇಲಿದ್ದ ದಿಬ್ಬದಲ್ಲಿ ಇಬ್ಬರೂ ಫಲಕದ ಒಂದೊಂದು ತುದಿ ಹಿಡಿದು ನಿಂತರು. ಅವರ ಬಾಳಿನ ಮೊದಲ ದೊಡ್ಡ ಜಗಳ ಈ ಫಲಕದ ಹಿಂದೆ ನಡೆಯಿತು.

"ನಾನು ಮೂರು ಅಂದೆ," ಎಂದ ಅವನು.

"ಕೇಳಿಸ್ತು. ನಿಮ್ಮ ಮೂರು ಅಂದ್ರೆ ನಾಲ್ಕು ತಾನೇ?"

ಅವನ ತುದಿ ಕೆಳಗೆ ಬಾಗಿತು.

"ನೆಟ್ಟಗೆ ಹಿಡೀರಿ. ಕಾರು ಬರ್ತಿದೆ."

ಕಾರು ಭರ್ರೆಂದು ಹೋಯಿತು. ಒಳಗಿದ್ದವರು ಇವರು ಓಕೆ ಎಂದೇ ತಿಳಿದರು.

"ಯಾವಾಗಿಂದ ಗೊತ್ತು?"

"ಮೊದಲ್ನೇ ದಿನದಿಂದ."

"ಹೇಳ್ಲೇ ಇಲ್ಲ?"

"ನೀವು ಹೇಳಿದ್ರಾ? ಇರ್ಲಿ, ಇವತ್ತೇನು ದಿಢೀರಂತ ಸತ್ಯವಂತರಾಗಿದ್ದು?"

"ಆ ರೇಡಿಯೋದವಳ ಮುಂದೆ ಅಷ್ಟು ನಂಬ್ತೀನಿ ಅಂದ್ರಿ... ನಾಚಿಕೆ ಆಯ್ತು."

ಅವಳಿಗೆ ಅಳು ಬಂದಂತಾಯಿತು. ಇವನು ನಿಜ ಹೇಳಿದ ದಿನವೇ ನಾನು ನಂಬಲಿಲ್ಲ... ನಂಬುತ್ತೇನೆಂದು ಊರಿಗೆಲ್ಲ ಸಾರಿ!

ಆದರೂ ಬಿಡಲಿಲ್ಲ. "ನನ್ನ ಸ್ಕೂಲ್ ಕಾರಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇದೆ. ಅದು ಇದೆ ಅಂತ ಕಲಿಯೋರಿಗೆ ಗೊತ್ತಿರುತ್ತೆ. ನೀವು ಕದ್ದು ಒತ್ತಿದ್ರಿ. ನಾನು ಎಷ್ಟು ವೇಗ ಹೋಗಬೇಕು ಅನ್ನೋದು ನನಗೆ ಬಿಟ್ಟಿದ್ದು."

"ಪಕ್ಕದಲ್ಲಿ ಕೂತಿರೋ ಜೀವ ನಂದು. ನೀವು ಕದ್ದು ಒಂದು ಸೇರಿಸ್ದಾಗ ನನ್ನನ್ನ ಕೇಳಿದ್ರಾ?"

ಇನ್ನೊಂದು ಕಾರು ಬಂತು. ಇಬ್ಬರೂ ಫಲಕ ಎತ್ತಿದರು.

"ಯಾಕೆ ಹಾಗೆ ಓದ್ತಿದ್ರಿ?" ಎಂದಳು, ಕಾರು ಮರೆಯಾದ ಮೇಲೆ, ಮೆತ್ತಗೆ.

"ನಿಮ್ಮನ್ನ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ. ಅದಕ್ಕೆ." ಅವನು ರಸ್ತೆಯನ್ನೇ ನೋಡುತ್ತಿದ್ದ. "ನೀವು ಬೇರೆ ಯಾರನ್ನಾದ್ರೂ ನೋಡ್ಕೊಳಿ ಮೇಡಂ. ಪ್ರೀತಿಸೋನು ಪಕ್ಕದಲ್ಲಿ ಕೂತ್ರೆ ಸರಿಯಾಗಿ ಓದಲ್ಲ."

ಸಂಜೆ ಡಾಕ್ಟರು ಇಬ್ಬರನ್ನೂ ತಟ್ಟಿ, ಬಗ್ಗಿಸಿ ನೋಡಿ, ಸರಿಯಿದ್ದಾರೆಂದು ಬರೆದುಕೊಟ್ಟರು. ಓಟ ಮುಗಿಸದ್ದಕ್ಕೆ ದಂಡವಾಗಿ ಸೇರಿಸಿದ ನಿಮಿಷಗಳನ್ನು ಹೊತ್ತು ಮರುದಿನ ಮತ್ತೆ ಹೊರಡಲು ನಿಯಮದಲ್ಲಿ ಅವಕಾಶವಿತ್ತು. ಅದೇ ರಸ್ತೆ ಇನ್ನೊಮ್ಮೆ ಬರಲಿತ್ತು. ಅಪ್ಪ ಡೇರೆಯಲ್ಲಿ ಕಾರಿನ ಮೂತಿ ಬಿಚ್ಚಿ ಕೂತಿದ್ದರು. ಅವಳು ಎಲ್ಲವನ್ನೂ ಹೇಳಿದಳು.

"ನೋಡ್ಕೊಳಿ ಅಂದೆ ನಿಜ. ಸುಳ್ಳು ಓದಿ ಅಂದ್ನಾ?" ಎಂದರು ಅಪ್ಪ. "ನೀನೂ ಸರಿಯಿದೀಯ. ಇಬ್ಬರೂ ಸೇರಿ ಬಾಯಿಗೆ ಬೀಗ ಹಾಕ್ಕೊಂಡು ಗೋಡೆಗೆ ಹೋದ್ರಿ."

"ನಿನಗೆ ಭಯ ಇಲ್ವಾ ಅಪ್ಪ?"

"ಇಲ್ದೆ ಏನು? ಈ ಪಂಜರಕ್ಕೆ ಇಷ್ಟು ಬೆಸುಗೆ ಹಾಕಿದ್ದು ನಿಮ್ಮ ಮೇಲಿನ ನಂಬಿಕೆಯಿಂದ ಅಂದ್ಕೊಂಡ್ಯಾ? ನನ್ನ ಭಯ ನಾನು ಕಬ್ಬಿಣಕ್ಕೆ ಹಾಕ್ತೀನಿ. ಓಡಿಸೋದು, ಬಿಡೋದು ನಿನ್ನಿಷ್ಟ." ಸ್ಪ್ಯಾನರಿಗಾಗಿ ಕೈ ಚಾಚಿದರು. "ಮೇಷ್ಟ್ರು ಬ್ಯಾಗ್ ತುಂಬ್ಕೋತಿದಾರೆ. ಅದನ್ನೂ ನಾನೇ ಹೋಗಿ ರಿಪೇರಿ ಮಾಡ್ಬೇಕಾ?"

ಮೇಷ್ಟ್ರು ಹೆಲ್ಮೆಟನ್ನು ಬ್ಯಾಗಿಗೆ ತುರುಕಿ ಜಿಪ್ ಎಳೆಯುತ್ತಿದ್ದ. ಅವಳು ಎದುರಿಗೆ ಹೋಗಿ ನಿಂತಳು.

"ಪ್ರೀತಿಸೋರು ನಿಜ ಹೇಳಲ್ಲ ಅಂದ್ರೆ ಇನ್ಯಾರು ಹೇಳ್ತಾರೆ ನಂಗೆ? ಬಾಡಿಗೆಗೆ ಬಂದೋನು?"

ಅವನು ಜಿಪ್ಪನ್ನು ಪೂರ್ತಿ ಎಳೆದ.

"ನೀವು ಇದ್ದದ್ದನ್ನ ಓದಿ. ನಾನು ಕೇಳಿದ್ದಷ್ಟನ್ನೇ ಓಡಿಸ್ತೀನಿ. ನಿಮಗೆ ಭಯ ಆದ್ರೆ ಭಯ ಅನ್ನಿ, ನಾನು ಕಾಲೆತ್ತಬೇಕೋ ಬೇಡ್ವೋ ನೋಡ್ತೀನಿ. ಲೆಕ್ಕ ಮಾತ್ರ ತಿದ್ದಬೇಡಿ. ಕೂರಲ್ಲ ಅಂದ್ರೆ ಅದೂ ಸರಿ, ಅದು ನಿಮ್ಮಿಷ್ಟ. ಆದ್ರೆ ನನ್ನ ಒಳ್ಳೇದಕ್ಕೆ ಅಂತ ಎದ್ದು ಹೋಗ್ಬೇಡಿ."

ಅವನು ಜಿಪ್ಪನ್ನು ಹಿಂದಕ್ಕೆಳೆದು ಹೆಲ್ಮೆಟ್ ಹೊರತೆಗೆದ.

ಮರುದಿನ ಬೆಳಗ್ಗೆ ಅದೇ ರಸ್ತೆ. ಗೋಡೆ ಹತ್ತಿರವಾಗುವ ಮುನ್ನ ಅವನ ಉಸಿರು ಹೆಲ್ಮೆಟಿನೊಳಗಿನ ಇಯರ್‌ಫೋನಿನಲ್ಲಿ ಕೇಳಿಸಿತು.

"ಎಡ ಮೂರು, ಗೋಡೆ ಹೊರಗೆ. ನನಗೆ ಭಯ ಇದೆ."

"ನನಗೂ," ಎಂದಳು. ಬ್ರೇಕ್ ಒತ್ತಿದಳು, ಮೂರಕ್ಕೆ ಬೇಕಾದಷ್ಟೇ. ಗೋಡೆ ಕಿಟಕಿಯಾಚೆ ಸರಿದು ಹಿಂದೆ ಹೋಯಿತು.

"ಬಲ ಐದು," ಎಂದ ಅವನು.

ಅದು ಐದೇ ಎಂದು ನಂಬಿ ಅವಳು ಕಾಲೆತ್ತಲಿಲ್ಲ.

ಕೊನೆಯ ಗೆರೆ ದಾಟಿ ಕಾರು ನಿಂತಾಗ ಇಬ್ಬರೂ ಹೆಲ್ಮೆಟ್ ತೆಗೆದರು. ಅವನ ಕೂದಲು ಒದ್ದೆಯಾಗಿ ಹಣೆಗೆ ಅಂಟಿತ್ತು.

"ನಿನ್ನೆ ದಿಬ್ಬದ ಮೇಲೆ ನೀವಂದಿದ್ದು..." ಎಂದಳು. "ನಂಗೂ ಹಾಗೇ."

"ಯಾವಾಗಿಂದ?"

"ಪೆಪ್ಪರ್‌ಮಿಂಟ್ ನುಂಗಿದ ದಿನದಿಂದ. ಇನ್ಮೇಲೆ ಮೇಡಂ ಗೀಡಂ ಬೇಡ."

"ಸರಿ," ಎಂದು ಅವನು ಜೇಬಿಗೆ ಕೈ ಹಾಕಿದ. "ಈಗ ಒಂದು ಚೀಪ್ಲಾ ಹಾಗಾದ್ರೆ?"

"ಇಳಿದು ಚೀಪು."

ರ‍್ಯಾಲಿಯಲ್ಲಿ ಅವರಿಗೆ ಕೊನೆಯಿಂದ ಎರಡನೇ ಸ್ಥಾನ ಬಂತು. ಮುಂದಿನ ವರ್ಷ ಮದುವೆಯಾದರು. ಪೆಪ್ಪರ್‌ಮಿಂಟಿಗೆ ಅನುಮತಿ ಸಿಗಲಿಲ್ಲ.